ಆಡು ಮುಟ್ಟದ ಸೊಪ್ಪು



ಚಿತ್ರದುರ್ಗದ ಬೆಟ್ಟಗಳ ನಡುವಣ ಚಂದ್ರವಳ್ಳಿಯ ಕಣಿವೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕದಂಬ ಮಯೂರಶರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದನೆಂದು ಬಂಡೆಯ ಮೇಲಿನ ಶಾಸನವು ಸಾರುತ್ತದೆ. ನೆಲವನ್ನು ಅಗೆದವರಿಗೆ ಸಾತವಾಹನರ ನಾಣ್ಯಗಳೂ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ದೊರೆತುವು. ಅಷ್ಟು ಪುರಾತನವಾದ ಊರಿನ ಜನ ಕೆಮ್ಮಿಗೆ ಏನನ್ನು ಕುಡಿಯುತ್ತಿದ್ದರೆಂಬುದನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ. ಆ ಸೀಮೆಯ ಬೇಲಿಗಳನ್ನು ಕೇಳಿದರೆ ಉತ್ತರ ದೊರೆಯಬಹುದೇನೋ!

ಚಿತ್ರದುರ್ಗದ ಕಡೆ ಮಳೆ ಕಡಮೆ, ಆಡು ಕುರಿಗಳು ಹೇರಳ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ಎಲ್ಲರಿಗೂ ತಿಳಿದಿದೆ. ಆ ಗಾದೆಗೂ ಒಂದು ಅಪವಾದವುಂಟು; ಅದೇ ಆಡುಸೋಗೆ. ಹಸಿದ ಮೇಕೆಯೂ ಇದರ ಕಹಿಯಾದ ಎಲೆಯನ್ನು ಮೂಸಿ ಮುಂದೆ ಹೋಗುವುದು. ಆದುದರಿಂದಲೇ ರೈತರು ಇದನ್ನು ಬೇಲಿಗೆ ನೆಡುವರು. ತಮಿಳರು ಇದನ್ನು ಕರೆಯುವ ಹೆಸರಿಗೂ ಆಡು ತೊಡದ ಎಲೆಯೆಂದೇ ಅರ್ಥ. ಆ ದೇಶೀಯ ಶಬ್ದವನ್ನೇ ಸ್ವೀಡನ್ನಿನ ಲಿನೇಯಸ್ ಪಂಡಿತನು 1753ರಲ್ಲಿ ‘ಜಸ್ಟಿಸಿಯ ಅಧತೋಡ’ ಎಂದು ಶಾಸ್ತ್ರೀಯ ನಾಮದೊಳಕ್ಕೆ ಸೇರಿಸಿದನು. ನಮ್ಮ ಮೇಕೆಗಳ ಅಭಿರುಚಿಯು ಹೀಗೆ ಲ್ಯಾಟಿನ್ ಭಾಷೆಯಲ್ಲಿ ಸ್ಥಿರವಾಯಿತು. ಸಂಸ್ಕೃತದಲ್ಲಿ ಇದಕ್ಕೆ ವಾಸಾ, ವೃಷ, ಆಟರೂಷ ಎಂಬ ಹೆಸರುಗಳಿವೆ. ಬಾಯ್ದೆರೆದ ಸಿಂಹದಂತಿರುವ ಬಿಳಿಯ ಹೂವಿನಿಂದ ಸಿಂಹಾಸ್ಯವೆಂಬ ಹೆಸರೂ ಬಂದಿದೆ. ಕಾಸ, ಶ್ವಾಸ, ರಕ್ತಪಿತ್ತಗಳಲ್ಲಿ ವೈದ್ಯರು ಇದನ್ನು ಬಹುಕಾಲದಿಂದ ಕೊಡುತ್ತ ಬಂದಿದ್ದಾರೆ.

ಈ ಕಹಿಯ ಗುಟ್ಟೇನು? ಉದಕಮಂಡಲದಲ್ಲಿ ಮದರಾಸು ಸರಕಾರದ ಕ್ವಿನೈನ್ ತಜ್ಞನಾಗಿದ್ದ ಡೇವಿಡ್ ಹೂಪರ್ ಎಂಬಾತನು 1888ರಲ್ಲಿ ಇದರ ಎಲೆಯಿಂದ ಒಂದು ಕ್ಷಾರಸತ್ತ್ವವನ್ನು ಬೇರ್ಪಡಿಸಿ, ವಾಸಾ ಎಂಬ ಹೆಸರಿನಿಂದಲೇ ಅದಕ್ಕೆ ‘ವಾಸಿಸೀನ್’ ಎಂದು ಹೆಸರಿಟ್ಟನು. ಅದರ ಒಂದು ಅಣುವಿನಲ್ಲಿ ಇಂಗಾಲದ 11, ಜಲಜನಕದ 12, ಸಾರಜನಕದ 2, ಆಮ್ಲಜನಕದ 1 ಪರಮಾಣುಗಳಿವೆ. ಇವು ಮೂರು ಉಂಗುರಗಳಾಗಿ ಒಂದಕ್ಕೊಂದು ಬೆಸೆದುಕೊಂಡಿವೆ. ಗಾಳಿಯ ಆಮ್ಲಜನಕ ತಗುಲಿದರೆ ಇದೇ ವಸ್ತುವು ವಾಸಿಸಿನೋನ್ ಎಂಬ ಮತ್ತೊಂದಾಗಿ ಮಾರ್ಪಡುವುದು. ಪ್ರಾಣಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಇವು ಶ್ವಾಸನಾಳಗಳ ಬಿಗಿತವನ್ನು ಸಡಿಲಿಸುವ ಗುಣವನ್ನು ತೋರಿಸಿವೆ.

ಇನ್ನು ಕಥೆಯ ಸ್ವಾರಸ್ಯವಾದ ಭಾಗ. ಜರ್ಮನಿಯ ರಸಾಯನಜ್ಞರು ವಾಸಿಸೀನಿನ ಮಾದರಿಯನ್ನು ಹಿಡಿದು, ಅದರ ಉಂಗುರವನ್ನು ಬಿಡಿಸಿದಂತಹ ರಚನೆಗೆ ಬ್ರೋಮಿನಿನ ಎರಡು ಪರಮಾಣುಗಳನ್ನು ಜೋಡಿಸಿ ಹೊಸ ಔಷಧವೊಂದನ್ನು ನಿರ್ಮಿಸಿದರು. 1963ರಲ್ಲಿ ಪೇಟೆಗೆ ಬಂದ ಈ ಬ್ರೋಮ್‌ಹೆಕ್ಸೀನ್ ಗಟ್ಟಿಯಾದ ಕಫವನ್ನು ತೆಳುವಾಗಿಸುವುದು. ನಮ್ಮ ದೇಹದೊಳಗೆ ಅದು ಮಾರ್ಪಟ್ಟು ಉಂಟಾಗುವ ಆಂಬ್ರಾಕ್ಸಾಲ್ ಎಂಬುದೂ ಈಗ ಪ್ರತ್ಯೇಕ ಔಷಧವಾಗಿದೆ. ಪಟ್ಟಣದ ಅಂಗಡಿಯಿಂದ ತರುವ ಎಷ್ಟೋ ಕೆಮ್ಮಿನ ಸೀಸೆಗಳ ಮೇಲೆ ಈ ಹೆಸರುಗಳನ್ನು ಓದಬಹುದು. ಅಜ್ಜಿಯ ಕಷಾಯವನ್ನು ಹಳೆಯ ಕಾಲದ್ದೆಂದು ಚೆಲ್ಲಿ ಸೀಸೆಯನ್ನು ಕೊಳ್ಳುವವರು ಅದೇ ಬೇಲಿಯ ಗಿಡದ ದೂರದ ನಂಟನನ್ನೇ ಮನೆಗೆ ತರುತ್ತಿರುವರು!

ಇಷ್ಟು ಕೇಳಿ ಯಾರೂ ಎಲೆಯೂ ಮಾತ್ರೆಯೂ ಒಂದೇ ಎಂದು ಭಾವಿಸಬಾರದು. ಮಾತ್ರೆಯಲ್ಲಿ ತೂಕ ನಿಶ್ಚಿತ. ಎಲೆಯ ಸತ್ತ್ವವು ನೆಲ, ಋತು, ಒಣಗಿಸುವ ರೀತಿಗಳನ್ನು ಅನುಸರಿಸಿ ಹೆಚ್ಚು ಕಡಮೆಯಾಗುವುದು. ಇದಕ್ಕಿಂತ ಮುಖ್ಯವಾದ ಎರಡು ಸಂಗತಿಗಳಿವೆ. ವಾಸಿಸೀನು ಗರ್ಭಕೋಶವನ್ನು ಸಂಕುಚಿತಗೊಳಿಸುವ ವಸ್ತು. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದವರು ಇದನ್ನು ವಿವರವಾಗಿ ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದರು. ಗರ್ಭಿಣಿಯರಿಗೆ ಆಡುಸೋಗೆಯ ರಸವನ್ನಾಗಲಿ ಕಷಾಯವನ್ನಾಗಲಿ ಕೊಡಲೇಕೂಡದು. ಸೊಪ್ಪು ತಾನೇ ಎಂಬ ಸಲಿಗೆ ಇಲ್ಲಿ ಅಪಾಯಕರ.

ಎರಡನೆಯದು ಕ್ಷಯದ ಮಾತು. ಬ್ರೋಮ್‌ಹೆಕ್ಸೀನ್, ಆಂಬ್ರಾಕ್ಸಾಲುಗಳು ಗಾಜಿನ ನಳಿಗೆಯಲ್ಲಿ ಕ್ಷಯಾಣುವಿನ ಬೆಳವಣಿಗೆಯನ್ನು ತಡೆದುವೆಂದು 1996ರಲ್ಲಿ ಪ್ರಕಟವಾಯಿತು. ಹಳೆಯ ವೈದ್ಯರು ಕ್ಷಯಕ್ಕೆ ವಾಸಾವನ್ನು ಕೊಡುತ್ತಿದ್ದುದನ್ನು ನೆನೆದಾಗ ಇದು ಕುತೂಹಲಕರವೇ ಸರಿ. ಆದರೆ ನಳಿಗೆ ಬೇರೆ, ರೋಗಿಯ ಶ್ವಾಸಕೋಶ ಬೇರೆ. ಕಷಾಯದಿಂದ ಕಫ ಸಡಿಲಿಸಿ ಎದೆ ಹಗುರವಾದೊಡನೆ ರೋಗ ಹೋಯಿತೆಂದು ತಿಳಿದು ತಿಂಗಳುಗಟ್ಟಲೆ ಕಾಯುವ ಮನೆಗಳುಂಟು. ಅಷ್ಟರಲ್ಲಿ ರೋಗವು ಪಕ್ಕದಲ್ಲಿ ಮಲಗುವ ಮಗುವಿಗೂ ಹರಡಿರಬಹುದು. ಎರಡು ವಾರ ಮೀರಿದ ಕೆಮ್ಮಿಗೂ, ಕಫದಲ್ಲಿ ರಕ್ತ ಕಂಡಾಗಲೂ ಮೊದಲು ಆಗಬೇಕಾದುದು ಕಫದ ಪರೀಕ್ಷೆ. ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣವಿಲ್ಲ. ಸಾಮಾನ್ಯವಾಗಿ ಆರು ತಿಂಗಳು ತೆಗೆದುಕೊಳ್ಳಬೇಕಾದ ಮದ್ದಿಗೂ ಇಲ್ಲ.

ನೆಗಡಿಯ ಹಿಂದೆ ಬರುವ ಸಾಧಾರಣ ಕೆಮ್ಮಿಗೆ ಆಡುಸೋಗೆ ಸಾಕು. ಹಸಿಯ ಎಲೆಯನ್ನು ಹಾಗೆಯೇ ಹಿಂಡಿದರೆ ರಸ ಹೆಚ್ಚು ಬಾರದು. ಹಬೆಯಲ್ಲಿ ಬಾಡಿಸಿ ಹಿಂಡುವುದು ರೂಢಿ. ದೊಡ್ಡವರು ಆ ರಸವನ್ನು ಸ್ವಲ್ಪವೇ ತೆಗೆದುಕೊಂಡು ಜೇನುತುಪ್ಪದೊಡನೆ ಸೇವಿಸುವರು, ಹೆಚ್ಚಾದರೆ ವಾಂತಿಯಾಗಬಹುದು. ಗಿಡವನ್ನು ಬೆಳೆಸುವುದಕ್ಕೆ ಶ್ರಮವೇನೂ ಇಲ್ಲ. ಮಳೆಗಾಲದ ಮೊದಲಲ್ಲಿ ಬಲಿತ ಕಡ್ಡಿಯನ್ನು ಹಿತ್ತಲ ಅಂಚಿನಲ್ಲಿ ಊರಿದರೆ ಚಿಗುರುವುದು, ಕಾವಲೂ ಬೇಕಾಗದು.