ದೇಶದ ತಂಡ ಯಾರ ತಂಡ?

(ಲಿಂಗಂಪಲ್ಲಿಯಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳದ ವಿಷಯ, ಪ್ರಾವಿಡೆಂಟ್ ಫಂಡಿನ ವಿಷಯ ಹಿರಿಯರು ಆಗಲೇ ಹೇಳಿದ್ದಾರೆ. ಆಟದ ಬಗ್ಗೆ ನಾಲ್ಕು ಮಾತು ಆಡೆಂದು ನನಗೆ ಅಪ್ಪಣೆಯಾಗಿದೆ. ದೇಶದೇಶಗಳ ನಡುವೆ ಪಂದ್ಯ ನಡೆದ ದಿನ ನಮ್ಮ ಹೋಟೆಲುಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಮಾಣಿ ಕೈಯಲ್ಲಿ ತಟ್ಟೆ ಹಿಡಿದು ಟಿ.ವಿ. ಮುಂದೆ ನಿಂತುಬಿಡುತ್ತಾನೆ. ಗದರಿಸಬೇಕಾದ ಮಾಲೀಕರ ಕಣ್ಣೂ ಅಲ್ಲೇ. ಈ ಹುಚ್ಚು ನನಗೂ ಉಂಟು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚಪ್ಪಾಳೆ ತಟ್ಟುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ದೇಶದ ತಂಡ ಎನ್ನುತ್ತೇವಲ್ಲ, ಅದು ಯಾರ ತಂಡ? ಅದಕ್ಕೆ ಉತ್ತರ ನಾವು ನಿಂತಿರುವ ಈ ಹೈದರಾಬಾದಿನಲ್ಲೇ ಇದೆ.

ಸೈಯದ್ ಅಬ್ದುಲ್ ರಹೀಮ್ ಎಂಬವರು ಈ ಊರಿನ ಶಾಲಾ ಮೇಷ್ಟ್ರು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ, 1950ರಿಂದ ನಗರ ಪೊಲೀಸ್ ತಂಡದ ಶಿಕ್ಷಕ. ಅವರ ಕೈಯಲ್ಲಿ ಪಳಗಿದ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 2024ರಲ್ಲಿ ಬಂದ 'ಮೈದಾನ್' ಎಂಬ ಹಿಂದಿ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಈ ಮೇಷ್ಟ್ರ ಕಥೆಯೇ.

ಆಗ ನಮ್ಮ ದೇಶದ ಫುಟ್‌ಬಾಲ್ ಹೇಗಿತ್ತು? 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸಿನ ಎದುರು 2–1ರಿಂದ ಸೋತರು. ನಮ್ಮ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಆಟಗಾರ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ನಮ್ಮನ್ನು ಬಡಿಯಿತು. ಬೂಟು ಹಾಕಿ ಆಡಲೇಬೇಕೆಂಬ ನಿಯಮ ಅದಾದ ಮೇಲೆ ಬಂತು.

ಮುಂದೆ 1956. ಆ ವರ್ಷದ ನವೆಂಬರ್ 1 ನಮಗೆಲ್ಲ ನೆನಪಿನ ದಿನ. ಹೈದರಾಬಾದ್ ರಾಜ್ಯ ಒಡೆದು ಬೀದರ್, ಗುಲ್ಬರ್ಗ, ರಾಯಚೂರು ಕನ್ನಡನಾಡಿಗೆ ಸೇರಿದವು. ಈ ಊರು ಆಂಧ್ರಪ್ರದೇಶಕ್ಕೆ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ಮೂರು ಗೋಲು ನೆವಿಲ್ ಡಿಸೋಜ ಅವರವು. ಏಷ್ಯದ ತಂಡವೊಂದು ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ಮುಟ್ಟಿದ್ದು ಅದೇ ಮೊದಲು. ಕೊನೆಗೆ ನಾಲ್ಕನೆಯ ಸ್ಥಾನ ಸಿಕ್ಕಿತು. ಆ ತಂಡದಲ್ಲಿ ಹೈದರಾಬಾದಿನ ನೂರ್ ಮಹಮ್ಮದ್, ಅಜೀಜುದ್ದೀನ್ ಇದ್ದರು, ಮೈಸೂರಿನ ಕೆಂಪಯ್ಯ ಇದ್ದರು, ಬಂಗಾಳದವರಿದ್ದರು. ನಕ್ಷೆಯ ಮೇಲೆ ಗೆರೆಗಳು ಹೊಸದಾಗಿ ಬಿದ್ದಿದ್ದವು. ಮೈದಾನದಲ್ಲಿ ಚೆಂಡು ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ಸಲೀಸಾಗಿ ಹೋಗುತ್ತಿತ್ತು. ಒಂದೇ ಖೋಲಿಯಲ್ಲಿ ಮಲಗಿ ನೀನು ಕನ್ನಡಿಗ, ನೀನು ತೆಲುಗನೆಂದು ಜಗಳ ತೆಗೆಯುವ ನಮ್ಮ ಹುಡುಗರು ಇದನ್ನು ಯೋಚಿಸಬೇಕು.

ಇನ್ನು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ನಮ್ಮನ್ನು 2–0ಯಿಂದ ಸೋಲಿಸಿತ್ತು. ಥಾಯ್ಲೆಂಡ್, ಜಪಾನ್, ದಕ್ಷಿಣ ವಿಯೆಟ್ನಾಂಗಳನ್ನು ಗೆದ್ದು ಸೆಪ್ಟೆಂಬರ್ 4ರ ಫೈನಲ್ಲಿಗೆ ಬಂದರೆ ಎದುರಿಗೆ ಅದೇ ಕೊರಿಯ. ತೈವಾನ್ ಮತ್ತು ಇಸ್ರೇಲನ್ನು ಕೂಟಕ್ಕೆ ಸೇರಿಸದ್ದರ ಗಲಾಟೆಯಿಂದ ಅಲ್ಲಿಯ ಜನಕ್ಕೆ ಭಾರತದ ಮೇಲೆ ಕೋಪ. ಇಡೀ ಕ್ರೀಡಾಂಗಣ ನಮ್ಮವರನ್ನು ಹೀಯಾಳಿಸುತ್ತಿತ್ತು. ಆ ಗದ್ದಲದಲ್ಲಿ ನಮಗೆ ಹುರುಪು ಕೊಟ್ಟವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ನಮ್ಮ ಆಟಗಾರರೇ ಮುಂದೆ ನೆನೆದಿದ್ದಾರೆ. ತಲೆಗೆ ಹೊಲಿಗೆ ಬಿದ್ದಿದ್ದ ಜರ್ನೈಲ್ ಸಿಂಗರನ್ನು ರಹೀಮ್ ಹಿಂಭಾಗದಿಂದ ಮುಂಭಾಗಕ್ಕೆ ತಂದು ಆಡಿಸಿದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2–1ರಿಂದ ಚಿನ್ನ ನಮ್ಮದಾಯಿತು. ಮೇಷ್ಟ್ರಿಗೆ ಆಗಲೇ ಕ್ಯಾನ್ಸರ್. 1963ರ ಜೂನಿನಲ್ಲಿ ತೀರಿಕೊಂಡರು. ಅಲ್ಲಿಂದೀಚೆಗೆ ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ನಮಗೆ ಮತ್ತೆ ಸಿಕ್ಕಿಲ್ಲ.

ಇವರೆಲ್ಲ ಯಾರು? ಬ್ಯಾನರ್ಜಿ ರೈಲ್ವೆ ನೌಕರ. ಗೋಲು ಕಾದ ತಂಗರಾಜ್ ಸೈನ್ಯದಿಂದ ಬಂದವರು. ನೂರ್ ಮಹಮ್ಮದ್ ಪೊಲೀಸಿನವರು. ಸಿಕಂದರಾಬಾದಿನ ಅಮ್ಮುಗೂಡದ ತುಳಸೀದಾಸ ಬಲರಾಂ ಕಡುಬಡವರ ಮನೆಯ ಹುಡುಗ. ಅಭ್ಯಾಸಕ್ಕೆ ಬರಲು ಬಸ್ಸಿಗೂ ಕಾಸಿಲ್ಲದಿದ್ದಾಗ ಬಾಡಿಗೆ ಸೈಕಲ್ಲಿಗೆ ದುಡ್ಡು ಕೊಟ್ಟು ಕರೆಸಿಕೊಂಡವರು ರಹೀಮ್ ಮೇಷ್ಟ್ರು. ಆ ಹುಡುಗ ಎರಡು ಒಲಿಂಪಿಕ್ಸ್ ಆಡಿದ. ಬಲರಾಂ 2023ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅದು ಆ ಕಾಲದ ಮಾತು, ಈಗ ಎಲ್ಲವೂ ಹಣವಂತರ ಆಟ ಎನ್ನುತ್ತೀರಾ? ಬಲರಾಂ ತೀರಿಕೊಂಡ ಮರುತಿಂಗಳೇ ನಡೆದದ್ದನ್ನು ಕೇಳಿ. ಬೇಸ್‌ಬಾಲ್ ಎಂಬ ಆಟ ನಮ್ಮಲ್ಲಿ ಬಳಕೆಯಲ್ಲಿಲ್ಲ. ಕ್ರಿಕೆಟ್ಟಿನ ದೂರದ ನೆಂಟ ಎನ್ನಿ. ಅದರಲ್ಲೂ ದೇಶದೇಶಗಳ ದೊಡ್ಡ ಪಂದ್ಯಾವಳಿ ಉಂಟು. 2023ರ ಮಾರ್ಚ್ 11ರಂದು ಟೋಕಿಯೊದಲ್ಲಿ ಜಪಾನಿನ ಎದುರು ಝೆಕ್ ದೇಶದವರು ಆಡಿದರು. ಅವರ ತಂಡದಲ್ಲಿ ಹೆಚ್ಚಿನವರು ಬೇರೆ ಉದ್ಯೋಗದಲ್ಲಿ ದುಡಿಯುವವರು. ತರಬೇತುದಾರರೇ ನರರೋಗದ ವೈದ್ಯರು. ಚೆಂಡೆಸೆಯಲು ಬಂದ ಒಂಡ್ರೇ ಸಾತೋರಿಯ ಎಲೆಕ್ಟ್ರಿಷಿಯನ್. ಆತ ಆ ಆಟದ ಜಗತ್‌ಪ್ರಸಿದ್ಧ ಓಟಾನಿಯನ್ನು ಔಟ್ ಮಾಡಿದ! ಪಂದ್ಯ 10–2ರಿಂದ ಜಪಾನಿನದೇ ಆಯಿತು, ಅದು ಬೇರೆ ಮಾತು. ಆದರೆ ಜಪಾನಿನ ಪ್ರೇಕ್ಷಕರೇ ಆ ಕೆಲಸಗಾರರನ್ನು ಮೆಚ್ಚಿಕೊಂಡರು.

ಸೋದರರೇ, ಇವರಿಗೆಲ್ಲ ಸಿಕ್ಕಿದ್ದು ಮೂರು: ಬಿಡುವು, ಬಯಲು, ಕಲಿಸುವ ಒಬ್ಬ ಮೇಷ್ಟ್ರು. ನಮ್ಮ ಹದಿನೆಂಟರ ಹುಡುಗನಿಗೆ ಇವುಗಳಲ್ಲಿ ಯಾವುದಿದೆ? ಬೆಳಗಿನ ಇಡ್ಲಿಗೆ ಎದ್ದವನು ರಾತ್ರಿ ಮೇಜು ಒರೆಸಿ ಮಲಗುತ್ತಾನೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ನಡುವೆ ಸಿಗುವ ಒಂದು ಗಂಟೆ ನಿದ್ದೆಗೂ ಸಾಲದು. ವಾರದ ರಜೆ ಕಾನೂನಿನಲ್ಲಿದೆ, ಕೈಗೆ ಬರುವುದಿಲ್ಲ. ರಾತ್ರಿ ಪಾಳಿಯ ಗಿರಣಿ ಹುಡುಗನ ಪಾಡೂ ಅಷ್ಟೆ. ಲಿಂಗಂಪಲ್ಲಿಯ ಸುತ್ತ ಕಟ್ಟಡ ಎದ್ದಷ್ಟೂ ಬಯಲು ಕರಗುತ್ತಿದೆ.

ಆದ್ದರಿಂದ ನನ್ನ ಸೂಚನೆ ಮೂರು. ವಾರದ ರಜೆ ತಪ್ಪದೆ ಸಿಗಬೇಕೆಂಬುದು ಸಂಘದ ಮೊದಲ ಬೇಡಿಕೆಯಾಗಲಿ. ಆಟದ ಬಯಲೊಂದನ್ನು ಉಳಿಸಿಕೊಡಿ ಎಂದು ನಗರಪಾಲಿಕೆಗೆ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡೋಣ. ಸಂಘದ ಹೆಸರಿನಲ್ಲಿ ಒಂದು ಫುಟ್‌ಬಾಲ್ ತಂಡ ಕಟ್ಟೋಣ. ತೆಲುಗು, ಉರ್ದು ಮಾತಿನ ಸಂಗಡಿಗರನ್ನೂ ಕರೆಯೋಣ. ಅದರಿಂದ ನಾಳೆಯೇ ಒಬ್ಬ ಬಲರಾಂ ಹುಟ್ಟುತ್ತಾನೆಂದು ನಾನು ಹೇಳುವುದಿಲ್ಲ. ಹುಟ್ಟುವವನಿದ್ದರೆ ಅವನು ಎಂಜಲು ತಟ್ಟೆಯ ಹಿಂದೆಯೇ ಉಳಿದುಹೋಗಬಾರದು, ಅಷ್ಟೆ.