ಗೆರೆಯಾಚೆ ನಿಂತವರು



ಇದೇ ಕಾಲೇಜಿನಲ್ಲಿ ನಾನು ಬಿ.ಎ. ಓದಿದೆ. ಇಲ್ಲಿನ ಖೋ ಖೋ ತಂಡದಲ್ಲಿ ಮೂರು ವರ್ಷ ಆಡಿದೆ. ಕ್ರೀಡೋತ್ಸವವನ್ನೂ ಅದರ ಜೊತೆಗೆ ಏರ್ಪಡಿಸಿರುವ ಪ್ರದರ್ಶನವನ್ನೂ ನೀವೇ ಬಂದು ಉದ್ಘಾಟಿಸಬೇಕು ಎಂದು ಕರೆ ಬಂದಾಗ ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ. ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು ಸಭಾಂಗಣದಲ್ಲಿ ಒಂದು ಸುತ್ತು ಹಾಕಿದೆ. ಗೋಡೆಯ ಮೇಲೆ ತಂಡಗಳ ಫೋಟೊಗಳಿವೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರ, ಬಣ್ಣ ಮಾಸಿದ ಯೂನಿವರ್ಸಿಟಿ ಬ್ಲೂ ಬ್ಲೇಜರ್ ಇದೆ, ಹಿಮ್ಮಡಿ ಸವೆದ ಕ್ಯಾನ್ವಾಸ್ ಶೂ ಇದೆ. ಕೊನೆಯ ಮೇಜಿನ ಮೇಲೆ ಸೆಣಬಿನ ಹಗ್ಗ ಕಟ್ಟಿದ, ಬಳೆಯಂತೆ ದುಂಡಗಿರುವ ಒಂದು ಕಪ್ಪು ವಸ್ತು ಇದೆ. ಉಳಿದೆಲ್ಲದರ ಕೆಳಗೂ ಚೀಟಿ ಅಂಟಿಸಿದ್ದೀರಿ, ಇದರ ಕೆಳಗೆ ಮಾತ್ರ ಇಲ್ಲ. ಅದೇನೆಂದು ನಾನು ಹೇಳುತ್ತೇನೆ.

ಊರಿಗೆ ಇದ್ದದ್ದು ಇದೊಂದೇ ಮೈದಾನ. ಚುನಾವಣಾ ಸಭೆ ಇಲ್ಲಿಯೇ, ನಾಟಕದ ಕಂಪನಿಯವರ ಡೇರೆ ಇಲ್ಲಿಯೇ, ಮದುವೆಯ ಪೆಂಡಾಲೂ ಒಮ್ಮೊಮ್ಮೆ ಇಲ್ಲಿಯೇ. ಶಾಮಿಯಾನದವರು ಕಂಬ ಕಿತ್ತುಕೊಂಡು ಹೋಗುತ್ತಿದ್ದರು, ಮೊಳೆಗಳು ಮಣ್ಣಿನಲ್ಲೇ ಉಳಿಯುತ್ತಿದ್ದವು. ನಾವು ಖೋ ಖೋ ಆಡುತ್ತಿದ್ದದ್ದು ಬರಿಗಾಲಲ್ಲಿ. ಒಂದು ಸಲ ನಮ್ಮ ತಂಡದ ಹುಡುಗಿಯೊಬ್ಬಳ ಅಂಗಾಲಿಗೆ ಎರಡಿಂಚಿನ ತುಕ್ಕು ಹಿಡಿದ ಮೊಳೆ ಹೊಕ್ಕಿತು. ಟಿ.ಟಿ. ಇಂಜೆಕ್ಷನ್ ಹಾಕಿಸಿ ಮನೆಗೆ ಕಳಿಸಿದೆವು. ಅವಳು ಆ ವರ್ಷ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಅದಾದ ವಾರಕ್ಕೆ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಪಿ.ಡಿ. ಸರ್, ರೇಡಿಯೊ ರಿಪೇರಿ ಅಂಗಡಿಗೆ ಹೋಗಿ ಕೆಟ್ಟುಹೋದ ದೊಡ್ಡ ಸ್ಪೀಕರಿನ ಅಯಸ್ಕಾಂತ ಕೇಳಿ ತಂದರು. ಅದಕ್ಕೆ ಹಗ್ಗ ಕಟ್ಟಿದರು. ಮೈದಾನದಲ್ಲಿ ಯಾವುದೇ ಸಭೆ ನಡೆದ ಮರುದಿನ, ಬೆಳಕು ಹರಿಯುವ ಮೊದಲೇ, ಎಮ್ಮೆಯ ಹಗ್ಗ ಹಿಡಿದು ಮೇಯಿಸುವವರ ಹಾಗೆ ಅದನ್ನು ನೆಲದ ಮೇಲೆ ಎಳೆದುಕೊಂಡು ಉದ್ದಕ್ಕೂ ಅಡ್ಡಕ್ಕೂ ನಡೆಯುತ್ತಿದ್ದರು. ನಾವು ಆರು ಗಂಟೆಗೆ ಬರುವ ಹೊತ್ತಿಗೆ ಕಂಬದ ಬುಡದಲ್ಲಿ ಒಂದು ಹಿಡಿ ಮೊಳೆ ಕೂಡಿರುತ್ತಿತ್ತು.

ಅದರ ಬಗ್ಗೆ ಅವರು ಯಾರಿಗೂ ಹೇಳಲಿಲ್ಲ. ನಮಗೆ ಆ ವಯಸ್ಸಿನಲ್ಲಿ ಕೇಳಬೇಕೆಂದೂ ಅನಿಸಲಿಲ್ಲ. ಈಗ ಈ ಮೇಜಿನ ಮುಂದೆ ನಿಂತಾಗ ಗಂಟಲು ಕಟ್ಟಿತು.

ಇಂಥ ದಿನ ಎಲ್ಲರ ಕಣ್ಣೂ ಗೆದ್ದವರ ಮೇಲಿರುತ್ತದೆ, ಇರಬೇಕಾದದ್ದೇ. ಆದರೆ ಈ ಗೋಡೆಯ ಹಳೆಯ ಫೋಟೊಗಳನ್ನು ಸ್ವಲ್ಪ ಗಮನಿಸಿ ನೋಡಿ. ಕುರ್ಚಿಯಲ್ಲಿ ಕೂತವರು, ಹಿಂದೆ ನಿಂತವರು, ಕಪ್ ಹಿಡಿದವರು, ಎಲ್ಲರ ಹೆಸರೂ ಕೆಳಗಿದೆ. ತರಬೇತುದಾರರು ಎಷ್ಟೋ ಫೋಟೊಗಳಲ್ಲಿ ಇಲ್ಲವೇ ಇಲ್ಲ. ನಮ್ಮ ಫೋಟೊ ತೆಗೆಯುವಾಗ ಸರ್ ಎಲ್ಲಿದ್ದರು ಎಂದು ನೆನಪು ಮಾಡಿಕೊಂಡೆ. ಸ್ಟುಡಿಯೊದವನ ಪಕ್ಕ ನಿಂತು ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದರು.

ದೇಶವೂ ತರಬೇತುದಾರರನ್ನು ಹೀಗೆಯೇ ಮರೆತಿತ್ತು. ಆಟಗಾರರಿಗೆ ಅರ್ಜುನ ಪ್ರಶಸ್ತಿ ಕೊಡಲು ಶುರುಮಾಡಿದ್ದು 1961ರಲ್ಲಿ. ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ. ಅರ್ಜುನನಿಗೆ ಒಬ್ಬ ಗುರು ಇದ್ದಿರಬೇಕಲ್ಲ ಎಂದು ನೆನಪಾಗಲು ಇಪ್ಪತ್ನಾಲ್ಕು ವರ್ಷ ಬೇಕಾಯಿತು. ಆ ಮೊದಲ ವರ್ಷ ದ್ರೋಣಾಚಾರ್ಯ ಪಡೆದವರಲ್ಲಿ ಒಬ್ಬರು ಕೇರಳದ ಓ.ಎಂ. ನಂಬಿಯಾರ್. ವಾಯುಪಡೆಯಲ್ಲಿದ್ದು ಬಂದವರು. ಕಣ್ಣೂರಿನ ಕ್ರೀಡಾ ವಸತಿ ಶಾಲೆಯಲ್ಲಿ ಪಯ್ಯೋಳಿಯ ಒಬ್ಬ ಸಣಕಲು ಹುಡುಗಿ ಅವರ ಕಣ್ಣಿಗೆ ಬಿದ್ದಳು. ಅವಳೇ ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಉಷಾ 55.42 ಸೆಕೆಂಡಿನಲ್ಲಿ ಗುರಿ ಮುಟ್ಟಿದರು, ಕಂಚು 55.41ಕ್ಕೆ ಹೋಯಿತು. ಸೆಕೆಂಡಿನ ನೂರನೇ ಒಂದು ಪಾಲು. ಆ ಓಟ ನಮ್ಮ ಪೀಳಿಗೆಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಉಷಾ ಅವರಿಗೆ 1985ರಲ್ಲಿ ಪದ್ಮಶ್ರೀ ಬಂತು. ನಂಬಿಯಾರ್ ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ, ಮೂವತ್ತಾರು ವರ್ಷಗಳ ನಂತರ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ನೂರನೇ ಒಂದು ಪಾಲು ಸೆಕೆಂಡನ್ನು ಲೆಕ್ಕ ಹಾಕುವ ನಾವು ಈ ಮೂವತ್ತಾರು ವರ್ಷವನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ಇನ್ನೊಂದು ಮಾತು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ನಮ್ಮ ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರು. ಕೇಂದ್ರ ಸರ್ಕಾರ ತರಬೇತುದಾರರಿಗೆ ಕೊಡುವುದಕ್ಕೆ ದ್ರೋಣನ ಹೆಸರು. ಒಬ್ಬನು ಗುರು ಸಿಗದೆ ಮಣ್ಣಿನ ಪ್ರತಿಮೆ ಇಟ್ಟುಕೊಂಡು ಕಲಿತವನು, ಇನ್ನೊಬ್ಬ ಕಲಿತವನ ಹೆಬ್ಬೆರಳು ಕೇಳಿದವನು. ಕಾಡಿನ ಮಗ ಎಷ್ಟೇ ಗುರಿಕಾರನಾದರೂ ಅಂಕಣದೊಳಗೆ ಬರಬಾರದು ಎಂಬ ಕಥೆ ಅದು. ನಾನು ಕಂಡ ತರಬೇತುದಾರರು ಅದಕ್ಕೆ ತದ್ವಿರುದ್ಧ. ಕೂಲಿಯವರ ಮಗಳನ್ನು, ಕುರಿ ಕಾಯುವವರ ಮಗನನ್ನು ಮನೆಯ ಬಾಗಿಲಿಗೆ ಹೋಗಿ ಕೇಳಿ ಕರೆತಂದವರು. ಹೆಬ್ಬೆರಳು ಎಂದರೆ ನನಗೆ ನೆನಪಾಗುವುದು ಸ್ಟಾಪ್‌ವಾಚಿನ ಗುಂಡಿಯ ಮೇಲಿದ್ದ ಸರ್ ಅವರ ಹೆಬ್ಬೆರಳು. ಒತ್ತಿ ಒತ್ತಿ ತುದಿ ಚಪ್ಪಟೆಯಾಗಿತ್ತು. ಇಲ್ಲಿ ಹೆಬ್ಬೆರಳು ಕೊಟ್ಟದ್ದು ಗುರುವೇ.

ತರಬೇತಿ ಎಂದರೆ ಬರೀ ಶಿಳ್ಳೆ ಊದಿ ಮೈದಾನ ಸುತ್ತಿಸುವುದು ಎಂದುಕೊಂಡಿರುವವರು ಇಲ್ಲಿಯೂ ಕೆಲವರಿರಬಹುದು. ನಮ್ಮ ಖೋ ಖೋದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಬೆನ್ನಟ್ಟುವ ತಂಡದ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ. ಒಂಬತ್ತನೆಯವಳು ಓಡುತ್ತಾಳೆ. ಅವಳು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದೆ ತಿರುಗುವಂತಿಲ್ಲ. ಕೂತವಳ ಬೆನ್ನು ಮುಟ್ಟಿ ಖೋ ಎಂದಾಗ ಮಾತ್ರ ಆಟ ದಿಕ್ಕು ಬದಲಿಸುತ್ತದೆ. ನೋಡುವವರೆಲ್ಲ ಓಡುವವಳನ್ನೇ ನೋಡುತ್ತಾರೆ. ಸರ್ ನೋಡುತ್ತಿದ್ದದ್ದು ಕೂತವರ ಹಿಮ್ಮಡಿಯನ್ನು. ಗೆರೆಯಾಚೆ ಕುಕ್ಕುರುಗಾಲಲ್ಲಿ ಕೂತು, “ಏನಮ್ಮ, ಕಾಲು ಮಲಗಿಬಿಟ್ಟಿದೆಯಲ್ಲ, ಎಬ್ಬಿಸು” ಎನ್ನುತ್ತಿದ್ದರು. ನಾನು ಖೋ ಸಿಕ್ಕಾಗಲೆಲ್ಲ ಬಲಗಾಲು ಊರಿಯೇ ಏಳುತ್ತಿದ್ದೆ, ಅದು ನನಗೇ ಗೊತ್ತಿರಲಿಲ್ಲ. ಎದುರಾಳಿಗಳಿಗೆ ಗೊತ್ತಾಗಿತ್ತು, ಅವರು ಎಡಕ್ಕೆ ನುಸುಳುತ್ತಿದ್ದರು. ಹದಿನೈದು ದಿನ ಸರ್ ನನ್ನನ್ನು ಓಡಲು ಬಿಡಲೇ ಇಲ್ಲ. ಕೂರು, ಏಳು, ಕೂರು, ಏಳು. ಎಡಗಾಲು ಊರಿ ಏಳುವುದು ಬಂದ ಮೇಲೆ ನನ್ನನ್ನು ಐದನೇ ಚೌಕದಲ್ಲಿ ಕೂರಿಸಿದರು. ಮೂರು ವರ್ಷ ಅದೇ ನನ್ನ ಜಾಗ.

ಹೊರಗಿನ ಊರಿಗೆ ಪಂದ್ಯಕ್ಕೆ ಹೋಗಬೇಕಾದಾಗ ಇನ್ನೊಂದು ಪಾಡು. ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಜೊತೆಗೆ ಲೇಡಿ ಮ್ಯಾನೇಜರ್ ಬರಬೇಕು, ಕಾಲೇಜಿನಿಂದ ಯಾರೂ ಸಿಗುತ್ತಿರಲಿಲ್ಲ. ಸರ್ ಅವರ ಹೆಂಡತಿ ತಮ್ಮ ಎಳೆ ಮಗುವನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಜೊತೆ ಕೆಂಪು ಬಸ್ಸು ಹತ್ತುತ್ತಿದ್ದರು. ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು. ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ತಂದ ಹೆಸರುಕಾಳಿನ ಮೊಳಕೆ, ಬೆಲ್ಲ, ಹುರಿಗಡಲೆ ನಮ್ಮ ಆಹಾರ. ಎಂಟ್ರಿ ಫೀಸಿನ ಹಣ ಸಮಯಕ್ಕೆ ಮಂಜೂರಾಗದ ವರ್ಷ ಅಕ್ಕನ ಕೈಬಳೆ ಎರಡು ತಿಂಗಳು ಕಾಣಲಿಲ್ಲ. ಎಲ್ಲಿ ಎಂದು ನಾವು ಕೇಳಲಿಲ್ಲ. ಸನ್ಮಾನಪತ್ರಗಳಲ್ಲಿ ಇಂಥವರ ಹೆಸರಿಗೆ ಜಾಗವೇ ಇರುವುದಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಮನೆಯಲ್ಲಿ ಟಿವಿ ಮುಂದೆ ನೆಲದ ಮೇಲೆ ಕೂತು ನೋಡಿದೆ. ನಮ್ಮ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಗೆದ್ದರು, ಪುರುಷರು 54–36ರಿಂದ. ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ, ಪುರುಷರ ತಂಡದಲ್ಲಿ ನಮ್ಮ ರಾಜ್ಯದವರೇ ಆದ ಎಂ.ಕೆ. ಗೌತಮ್. ಮೊಳೆ ಹೆಕ್ಕಿದ ಮಣ್ಣಿನಲ್ಲಿ ನಾವು ಆಡಿದ ಆಟವನ್ನು ಅವರು ಮ್ಯಾಟಿನ ಮೇಲೆ, ಕಣ್ಣು ಕೋರೈಸುವ ದೀಪಗಳ ಕೆಳಗೆ ಆಡಿದರು. ಹಳ್ಳಿಯ ಹುಡುಗಿಯೊಬ್ಬಳು ಅಲ್ಲಿಗೆ ಮುಟ್ಟಿದ್ದಾಳೆಂದರೆ ಹಿಂದೆ ಯಾವುದೋ ಅಂಗಳದಲ್ಲಿ ಸುಣ್ಣದ ಗೆರೆ ಎಳೆದ ಕೈ ಒಂದು ಇದ್ದೇ ಇರುತ್ತದೆ.

ಅಂಥ ಕೈಗಳಲ್ಲಿ ಕೆಲವನ್ನು ಹೆಸರು ಹಿಡಿದೇ ಹೇಳುತ್ತೇನೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಒಂದು ಕಾಲಿನ ಊನವಿಟ್ಟುಕೊಂಡು, ಕತ್ತರಿಯಂತೆ ಕಾಲು ಬೀಸುವ ಹಳೆಯ ಶೈಲಿಯಲ್ಲೇ ಜಿಗಿದರು. ಅವರ ತರಬೇತುದಾರ ಸತ್ಯನಾರಾಯಣ. ನಾಲ್ಕು ವರ್ಷದ ಮೇಲೆ ರಿಯೊದಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಅವರಿಗೂ ಬೆಂಗಳೂರಿನಲ್ಲಿ ಸತ್ಯನಾರಾಯಣ ಅವರೇ ಗುರು. ಗಿರೀಶ್, ಮಾರಿಯಪ್ಪನ್ ಎಂದರೆ ಚಪ್ಪಾಳೆ ಬೀಳುತ್ತದೆ. ಮೂರನೇ ಹೆಸರಿಗೂ ಅಷ್ಟೇ ಜೋರಾಗಿ ಬೀಳಬೇಕು. ನಮ್ಮ ಬೆಂಗಳೂರಿನ ಎನ್. ಲಿಂಗಪ್ಪ ಅವರಿಗೆ 2014ರಲ್ಲಿ, ವಿ.ಆರ್. ಬೀಡು ಅವರಿಗೆ 2018ರಲ್ಲಿ ಜೀವಮಾನ ಸಾಧನೆಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂದಿದೆ. ಅಥ್ಲೆಟಿಕ್ಸ್‌ಗೆ ಜೀವ ತೇಯ್ದವರು. ಈ ಹೆಸರುಗಳು ನಮ್ಮ ಮಕ್ಕಳ ಸಾಮಾನ್ಯಜ್ಞಾನದ ಪುಸ್ತಕಕ್ಕೆ ಬರಬೇಕು.

ಸನ್ಮಾನದ ಮರುದಿನದ ಬಗ್ಗೆಯೂ ಹೇಳಬೇಕು. ಅಮೆರಿಕದಲ್ಲಿ ನಮ್ಮ ತಾಲ್ಲೂಕು ಕಾಲೇಜುಗಳ ಹಾಗೆ, ಆಯಾ ಊರಿನ ಮಕ್ಕಳಿಗಾಗಿಯೇ ಇರುವ ಎರಡು ವರ್ಷದ ಕಾಲೇಜುಗಳಿವೆ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಅಂಥ ಕಾಲೇಜಿನಲ್ಲಿ ಓದಿದ ಮ್ಯಾಕ್ ರಾಬಿನ್‌ಸನ್ ಎಂಬ ಕಪ್ಪು ಹುಡುಗ 1936ರ ಬರ್ಲಿನ್ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದ. ಅವನ ಮುಂದೆ ಇದ್ದದ್ದು ಜೆಸ್ಸಿ ಓವೆನ್ಸ್ ಒಬ್ಬನೇ. ಊರಿಗೆ ಮರಳಿದ ಮೇಲೆ ಮ್ಯಾಕ್‌ಗೆ ಸಿಕ್ಕಿದ್ದು ಬೀದಿ ಗುಡಿಸುವ ಕೆಲಸ. ಒಲಿಂಪಿಕ್ಸ್‌ನ ಅಂಗಿಯನ್ನೇ ತೊಟ್ಟು ಅವನು ಬೀದಿ ಗುಡಿಸಿದ. ಅದೇ ಕಾಲೇಜಿನಲ್ಲಿ ಓದಿದ ಅವನ ತಮ್ಮ ಜಾಕಿ 1947ರಲ್ಲಿ ಅಮೆರಿಕದ ಬೇಸ್‌ಬಾಲಿನ ವರ್ಣಭೇದದ ಗೋಡೆ ಒಡೆದ. ಮ್ಯಾಕ್‌ನ ಕಥೆ ಓದಿದ ಮೇಲೆ ಶಾಲು ಹೊದಿಸುವಾಗ ನನ್ನ ಕೈ ಅಳುಕುತ್ತದೆ. ನಾವು ಹೊದಿಸುವ ಶಾಲಿನೊಳಗಿನ ಹುಡುಗ ನಾಳೆ ಎಲ್ಲಿ ನಿಲ್ಲುತ್ತಾನೆ ಎಂಬುದನ್ನೂ ನಾವೇ ಕೇಳಿಕೊಳ್ಳಬೇಕಲ್ಲವೇ?

ಕೊನೆಗೆ ಪ್ರಾಂಶುಪಾಲರಲ್ಲಿ, ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲಿ ಎರಡು ಕೋರಿಕೆ. ಈ ಮೈದಾನವನ್ನು ಸಭೆಗೆ ಕೊಡುವಾಗ ಮೊಳೆ ಹೆಕ್ಕಿ ಒಪ್ಪಿಸಿದ ಮೇಲೆಯೇ ಠೇವಣಿ ಹಣ ವಾಪಸ್ ಎಂದು ನಿಯಮ ಮಾಡಿ. ಇವತ್ತಿನ ಹೊಸ ಫೋಟೊಗಳಲ್ಲಿ ಪ್ರತಿ ಆಟಗಾರರ ಪಕ್ಕದಲ್ಲೂ ತರಬೇತುದಾರರ ಚಿತ್ರ ಹಾಕಿದ್ದೀರಿ, ಕಂಡು ತುಂಬಾ ಸಂತೋಷವಾಯಿತು. ಹಳೆಯ ಫೋಟೊಗಳ ಕೆಳಗೂ ಅವರ ಹೆಸರು ಬರೆಸಿ. ಹೆಸರು ಗೊತ್ತಿಲ್ಲದಿದ್ದರೆ ನನ್ನನ್ನು ಕೇಳಿ, ಆಗ ಆಡಿದವರನ್ನು ಕೇಳಿ. ನಾವು ಇನ್ನೂ ಇದ್ದೇವೆ.

ಸರ್ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಅಕ್ಕ ಇದ್ದಾರೆ. ನಾನು ಮಾತು ಶುರು ಮಾಡಿದಾಗಿನಿಂದ ಸರ್ ನನ್ನ ಕಡೆ ನೋಡುತ್ತಿಲ್ಲ, ಕಿಟಕಿಯಾಚೆ ನೋಡುತ್ತಿದ್ದಾರೆ. ಅಲ್ಲಿ 800 ಮೀಟರ್ ಓಟದ ಹೆಣ್ಣುಮಕ್ಕಳು ಎದೆಗೆ ನಂಬರ್ ಕಟ್ಟಿಕೊಂಡು, ವಾರ್ಮ್‌ಅಪ್ ಮುಗಿಸಿ ಸಾಲಾಗಿ ನಿಂತಿದ್ದಾರೆ. ಭಾಷಣ ಮುಗಿಯಲೆಂದು ಓಟಗಾರರನ್ನು ನಿಲ್ಲಿಸಿದರೆ ಮೈ ಆರಿಹೋಗುತ್ತದೆ, ಆಮೇಲೆ ತೊಡೆಯ ಸ್ನಾಯು ಹಿಡಿಯುತ್ತದೆ ಎಂದು ಅವರು ನಮಗೆ ಸಾವಿರ ಸಲ ಹೇಳಿದ್ದಾರೆ. ಪ್ರದರ್ಶನ ತೆರೆದಿದೆ, ಕ್ರೀಡೋತ್ಸವ ಉದ್ಘಾಟನೆಯಾಗಿದೆ. ಸರ್, ಶಿಳ್ಳೆ ಊದಿ.