ಕ್ರೈಸ್ತ ವಿಶ್ವಾಸದಲ್ಲಿ ದಾಸಭಾವ



ಶತಮಾನೋತ್ಸವವು ಕೃತಜ್ಞತೆಯ ಕಾಲ. ಹಾಗೆಯೇ ಪರೀಕ್ಷೆಯ ಕಾಲವೂ ಹೌದು. ನೂರು ವರ್ಷ ತುಂಬಿದ ದೇವಾಲಯವನ್ನು ಕಂಡಾಗ ಗೋಪುರದ ಎತ್ತರ, ಕಟ್ಟಿಸಿದವರ ಹೆಸರು, ಕೊಟ್ಟವರ ಕಾಣಿಕೆ ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಆ ಗೋಪುರವನ್ನು ಹೊತ್ತ ಅಡಿಗಲ್ಲು ಯಾರ ಕಣ್ಣಿಗೂ ಬೀಳದೆ ಮಣ್ಣಿನೊಳಗಿದೆ. ಕ್ರೈಸ್ತ ವಿಶ್ವಾಸದಲ್ಲಿ ನಮ್ರತೆಯ ಸ್ಥಾನವೂ ಅಂಥದೇ. ಈ ಶುಭ ಸಂದರ್ಭದಲ್ಲಿ ಆ ಸದ್ಗುಣವನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ.

ನಮ್ರತೆ ಯಾವುದಲ್ಲವೆಂಬುದನ್ನು ಮೊದಲು ತಿಳಿಯೋಣ. ಕನ್ನಡದಲ್ಲಿ ದೀನನೆಂದರೆ ಗತಿಯಿಲ್ಲದವನೆಂದೂ ಅರ್ಥವುಂಟು, ವಿನಯಶೀಲನೆಂದೂ ಅರ್ಥವುಂಟು. ಇವೆರಡನ್ನು ಬೆರೆಸಿದಲ್ಲಿ ತೊಡಕು ಹುಟ್ಟುತ್ತದೆ. ದೇವರು ತಮ್ಮ ಹೋಲಿಕೆಯಲ್ಲಿ ಸೃಷ್ಟಿಸಿದ ಮನುಷ್ಯನು ತನ್ನನ್ನು ತಾನೇ ಹೀಗಳೆದುಕೊಳ್ಳುವುದು ನಮ್ರತೆಯಲ್ಲ. ಬಲವುಳ್ಳವನು ಬಡವನಿಗೆ ತಲೆ ಬಾಗಿರೆಂದು ಬೋಧಿಸುವುದೂ ನಮ್ರತೆಯ ಬೋಧೆಯಲ್ಲ. ಬಾಗಿದವನನ್ನು ಇನ್ನಷ್ಟು ಬಾಗೆನ್ನುವುದು ಶುಭಸಂದೇಶಕ್ಕೆ ದೂರವಾದ ಮಾತು.

ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಇಬ್ಬರ ಸಾಮತಿಯನ್ನು ನಾವೆಲ್ಲ ಬಲ್ಲೆವು. ಅಲ್ಲಿನ ಫರಿಸಾಯನು ಸುಳ್ಳಾಡಿದನೆಂದು ಯೇಸುಸ್ವಾಮಿ ಹೇಳಲಿಲ್ಲ. ಅವನು ವಾರಕ್ಕೆರಡು ಸಲ ಉಪವಾಸ ಮಾಡುತ್ತಿದ್ದನು, ಆದಾಯದಲ್ಲಿ ದಶಮಾಂಶವನ್ನು ಕೊಡುತ್ತಿದ್ದನು. ದೇವರ ಕಡೆಗಿರಬೇಕಾದ ಅವನ ಕಣ್ಣು ದೂರದಲ್ಲಿ ನಿಂತಿದ್ದ ಸುಂಕದವನ ಕಡೆಗೆ ಹೊರಳಿತು. ಕೆಡುಕು ಹುಟ್ಟಿದ್ದು ಅಲ್ಲಿ. ಗರ್ವಕ್ಕೆ ಯಾವಾಗಲೂ ತನಗಿಂತ ಕೀಳಾದ ಒಬ್ಬ ಮನುಷ್ಯ ಬೇಕು. ಸತ್ಯಕ್ಕೆ ದಾರಿ ಯಾವುದೆಂಬುದಕ್ಕೆ ಉತ್ತರವಾಗಿ ಸಂತ ಅಗಸ್ಟೀನರು ತಮ್ಮ ಒಂದು ಪತ್ರದಲ್ಲಿ ಮೊದಲನೆಯದಾಗಿಯೂ ಎರಡನೆಯದಾಗಿಯೂ ಮೂರನೆಯದಾಗಿಯೂ ನಮ್ರತೆಯನ್ನೇ ಹೆಸರಿಸಿದ್ದು ಇದನ್ನರಿತೇ ಇರಬೇಕು.

ಪವಿತ್ರ ಗುರುವಾರದ ಆ ರಾತ್ರಿಯನ್ನು ನೆನೆಯೋಣ. ತಾವು ತಂದೆಯಿಂದ ಬಂದವರು, ತಂದೆಯ ಬಳಿಗೆ ಹೋಗುವವರು ಎಂಬುದನ್ನು ಅರಿತೇ ಯೇಸುಸ್ವಾಮಿ ಊಟದಿಂದೆದ್ದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ತಮ್ಮ ಹಿರಿಮೆಯನ್ನು ಬಲ್ಲವರೇ ನಡುವಿಗೆ ವಸ್ತ್ರ ಕಟ್ಟಿಕೊಂಡು, ಆಳು ಮಾಡುವ ಕೆಲಸವನ್ನು ಕೈಗೆತ್ತಿಕೊಂಡು ಶಿಷ್ಯರ ಪಾದಗಳನ್ನು ತೊಳೆದರು. ದೇವಸ್ವರೂಪರಾದವರು ದಾಸನ ರೂಪವನ್ನು ಧರಿಸಿದರೆಂದು ಸಂತ ಪೌಲರು ಫಿಲಿಪ್ಪಿಯರಿಗೆ ತಿಳಿಸಿದ್ದೂ ಇದನ್ನೇ. ಹೀಗೆ ನಮ್ರತೆಯೆಂದರೆ ಮೇಲಿರುವವರು ಇಳಿದು ಬರುವುದು. ಇನ್ನೊಬ್ಬರು ಎದ್ದು ನಿಲ್ಲಲೆಂದು ಇಳಿದು ಬರುವುದು.

ಬ್ರಹ್ಮಪುರದವರಾದ ನಮಗೆ ಈ ದಾಸ ಶಬ್ದ ಹೊಸದಲ್ಲ. ನಮ್ಮ ನೆರೆಯಲ್ಲಿಯೇ ಶರಣಬಸವೇಶ್ವರರ ಗುಡಿಯಿದೆ; ದಾಸೋಹಕ್ಕೆ ಹೆಸರಾದ ಶರಣರು ಅವರು. ದಾಸೋಹವೆಂಬ ಮಾತಿನ ಮೂಲಾರ್ಥವೇ ನಾನು ದಾಸನು ಎಂಬುದು. ಉಣಿಸುವವನು ಒಡೆಯನಲ್ಲ, ಉಣ್ಣುವವನು ಭಿಕ್ಷುಕನಲ್ಲ ಎಂಬ ತಿಳಿವು ಅದರಲ್ಲಡಗಿದೆ. ನಮ್ಮ ಧರ್ಮಸಭೆಯ ಪರಂಪರೆಯಲ್ಲಿಯೂ ಈ ಮಾತುಂಟು. 590ರಿಂದ 604ರವರೆಗೆ ಜಗದ್ಗುರುವಾಗಿದ್ದ ಮಹಾ ಗ್ರೆಗೋರಿಯವರು ದೇವರ ದಾಸರಿಗೆ ದಾಸನೆಂದು ತಮ್ಮನ್ನು ಕರೆದುಕೊಂಡರು. ನೆರೆಯವರ ಬಾಳಿನಲ್ಲಿ ಇರುವ ಒಳಿತನ್ನು ಗುರುತಿಸಿ ಗೌರವಿಸುವುದೂ ನಮ್ರತೆಯ ಒಂದು ಮುಖವೇ.

ಕರ್ನಾಟಕದ ನೆಲದಲ್ಲಿ ದುಡಿದ ಸಂತರೊಬ್ಬರಲ್ಲಿ ಈ ದಾಸಭಾವ ಹೇಗೆ ಫಲಿಸಿತೆಂಬುದನ್ನು ನೋಡೋಣ. ಸಂತ ಜೋಸೆಫ್ ವಾಜ್ ಅವರು 1651ರಲ್ಲಿ ಗೋವೆಯಲ್ಲಿ, ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನದಲ್ಲಿ ಜನಿಸಿದರು. 1677ರಲ್ಲಿ ತಮ್ಮನ್ನು ದೇವಮಾತೆಯ ದಾಸನಾಗಿ ಒಪ್ಪಿಸಿಕೊಂಡು ಪತ್ರ ಬರೆದರು. 1681ರಿಂದ 1684ರವರೆಗೆ ಕೆನರಾ ಸೀಮೆಯ ಚದುರಿದ ಕ್ರೈಸ್ತರ ಸೇವೆಗೈದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡ ಇಂದಿಗೂ ಅವರ ಸ್ಮರಣೆಯ ಯಾತ್ರಾಸ್ಥಳ. ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳ ದ್ವೀಪವನ್ನು 1687ರಲ್ಲಿ ಬಡವನ ವೇಷದಲ್ಲಿ ಪ್ರವೇಶಿಸಿದರು. ಬೇಹುಗಾರನೆಂಬ ಶಂಕೆಯಿಂದ ಕ್ಯಾಂಡಿಯಲ್ಲಿ ಸೆರೆವಾಸವನ್ನೂ ಅನುಭವಿಸಿದರು. 1697ರಲ್ಲಿ ಅಲ್ಲಿ ಸಿಡುಬು ಹರಡಿ, ಸ್ವಂತದವರೇ ರೋಗಿಗಳನ್ನು ತೊರೆದಾಗ ಅವರಿಗೆ ಉಣಿಸಿ, ಹುಣ್ಣು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಜಾತಿಯ ಹಿರಿಮೆಯನ್ನು ಹೇಳಿಕೊಳ್ಳಬಹುದಾಗಿದ್ದ ಕೈಗಳು ಅವು! ಧರ್ಮಾಧ್ಯಕ್ಷ ಪದವಿ ಒದಗಿ ಬಂದಾಗ ಅವರು ಒಲ್ಲೆನೆಂದರು. 1711ರಲ್ಲಿ ಕ್ಯಾಂಡಿಯಲ್ಲಿಯೇ ತೀರಿಕೊಂಡ ಅವರನ್ನು 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ಇನ್ನು ನಮ್ಮ ಕಡೆಗೆ ತಿರುಗೋಣ. ನಮ್ಮ ಕಲಬುರಗಿ ಧರ್ಮಕ್ಷೇತ್ರವು 2005ರಲ್ಲಿ ಸ್ಥಾಪಿತವಾದುದು. ಈ ಸೀಮೆಯ ಜನಸಾಗರದಲ್ಲಿ ನಾವು ಬೆರಳೆಣಿಕೆಯವರು. ಆದರೆ ಚಿಕ್ಕವರಾಗಿರುವುದೇ ನಮ್ರತೆಯಲ್ಲ. ಚಿಕ್ಕ ಮಂದೆಯಲ್ಲಿಯೂ ಹಿಂದು ಮುಂದಿನ ಸಾಲುಗಳು ಹುಟ್ಟುತ್ತವೆ. ಧರ್ಮಸಭೆಯೊಳಗೆ ಜಾತಿಭೇದವು ಘೋರವಾದ ಸಾಮಾಜಿಕ ಪಾಪವೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಸಾರಿದೆ. ಹೀಗಿರುವಾಗ ನೂರರ ಸಂಭ್ರಮದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ದೇವಾಲಯದ ಕಸ ಗುಡಿಸುವ ತಾಯಿಯ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೂಲಿಗಾಗಿ ಬಂದು ನೆಲೆಸಿದ ಕುಟುಂಬಕ್ಕೆ ಧರ್ಮಕೇಂದ್ರದ ಸಭೆಯಲ್ಲಿ ಮಾತಾಡುವ ಧೈರ್ಯವನ್ನು ನಾವು ಕೊಟ್ಟಿದ್ದೇವೆಯೇ? ಮುನಿಸಿಕೊಂಡು ದೂರವಾದ ಸಹೋದರನ ಮನೆಯ ಹೊಸ್ತಿಲನ್ನು ಮೊದಲು ತುಳಿಯುವವರು ಯಾರು?

ನಮ್ಮ ಎರೆಭೂಮಿಯನ್ನು ನೋಡಿರಿ. ಎಲ್ಲರ ಕಾಲ ಕೆಳಗಿರುವ ಆ ಮಣ್ಣೇ ಮಳೆಯನ್ನು ಹೀರಿ ಹಿಡಿದಿಟ್ಟುಕೊಂಡು ತೊಗರಿಯನ್ನೂ ಜೋಳವನ್ನೂ ಬೆಳೆಯುತ್ತದೆ. ದೇವಕೃಪೆಯ ಮಳೆಯೂ ಎತ್ತರದ ಬಂಡೆಯ ಮೇಲೆ ನಿಲ್ಲದು. ತಗ್ಗಿನ ಹೊಲಕ್ಕೆ ಹರಿದು ಬರುತ್ತದೆ.

ಆದಕಾರಣ ಪ್ರಿಯರೇ, ಉತ್ಸವದ ದಿನ ಊಟದ ಪಂಕ್ತಿ ಕುಳಿತಾಗ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡವರೇ ಮೊದಲು ಸೌಟು ಹಿಡಿಯಲಿ. ಎಂದೂ ಹಿಂದೆಯೇ ನಿಂತವರು ಮೊದಲ ಪಂಕ್ತಿಯಲ್ಲಿ ಕುಳಿತುಣ್ಣಲಿ. ಅಂದು ಪಾದ ತೊಳೆದ ಪ್ರಭು ನಮ್ಮ ನಡುವೆಯೇ ಇದ್ದಾರೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ದಾಸನ ರೂಪ ಧರಿಸಿದ ಆ ಪ್ರಭುವಿನ ಕೃಪೆ ನಿಮ್ಮೆಲ್ಲರ ಮೇಲೆ, ನಿಮ್ಮ ಮನೆತನಗಳ ಮೇಲೆ ಇರಲಿ.